ಮೊಟ್ಟೆ ಡಬ್ಬದ ಮೇಲಿನ ಹುಲ್ಲು: ಲೇಬಲ್ ಓದುವವರಿಗೆ ಒಂದಿಷ್ಟು ಟಿಪ್ಪಣಿ

ಕೋಲಾರದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಎರಡು ಥರದ ಮೊಟ್ಟೆ ಇದ್ದವು. ಟ್ರೇಯಲ್ಲಿ ಬಿಳಿ ಮೊಟ್ಟೆ. ಆರರ ಡಬ್ಬದಲ್ಲಿ ಕಂದು ಮೊಟ್ಟೆ, ಡಬ್ಬದ ಮೇಲೆ ಹಸಿರು ಹುಲ್ಲಲ್ಲಿ ಓಡಾಡುವ ಕೋಳಿಯ ಚಿತ್ರ. ಬೆಲೆ ಸುಮಾರು ಎರಡರಷ್ಟು. ‘ಯಾಕಣ್ಣ ಇಷ್ಟು?’ ಅಂದೆ. ‘ನಾಟಿದು ಕಣಪ್ಪ, ಬಯಲಲ್ಲಿ ಮೇಯ್ದಿರೋದು’ ಅಂದರು. ಡಬ್ಬ ತಿರುಗಿಸಿ ತಿರುಗಿಸಿ ಓದಿದೆ. ಬಯಲಿನ ಮಾತು ಎಲ್ಲೂ ಇಲ್ಲ. ಆಹಾರ ನಿಯಮದ ಪಾಠ ಓದುವಾಗ ಅದೇ ಡಬ್ಬ ನೆನಪಾಯಿತು, ಅದಕ್ಕೇ ಈ ಟಿಪ್ಪಣಿ.

ಮೊದಲು ಒಂದು ಗೊಂದಲ ಬಿಡಿಸೋಣ. ಸಿಪ್ಪೆಯ ಬಣ್ಣ ಕೋಳಿಯ ತಳಿಗೆ ಸೇರಿದ್ದು, ಸಾಕಿದ ರೀತಿಗಲ್ಲ. ವೈಟ್ ಲೆಗ್‌ಹಾರ್ನ್ ಬಿಳಿ ಮೊಟ್ಟೆ ಇಡುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಕಂದು ಮೊಟ್ಟೆ ಇಡುತ್ತದೆ. ಕಂದು ಮೊಟ್ಟೆಯ ತಳಿಯನ್ನು ಪಂಜರದಲ್ಲಿಟ್ಟರೂ ಮೊಟ್ಟೆ ಕಂದೇ. ಮೊಟ್ಟೆಯೊಳಗಿನ ಹಳದಿ ಭಾಗ ಕಡುಬಣ್ಣ ಇದ್ದರೆ ಅದು ಮೇವಿನ ಕೆಲಸ: ಮುಸುಕಿನ ಜೋಳ ಜಾಸ್ತಿ ತಿಂದಿರಬಹುದು, ಇಲ್ಲವೇ ಮೇವಿಗೆ ಚೆಂಡುಹೂವಿನ ಎಸಳಿನ ಬಣ್ಣ ಸೇರಿಸಿರಬಹುದು. ನಮ್ಮ ಚಿಕ್ಕಬಳ್ಳಾಪುರದ ಕಡೆ ಹಬ್ಬಕ್ಕೆ ರಾಶಿ ಹಾಕುವ ಅದೇ ಹೂವು!

ಇನ್ನು ಡಬ್ಬದ ಮೇಲಿನ ಗುರುತು. ಸಸ್ಯಾಹಾರಕ್ಕೆ ಹಸಿರು ಚುಕ್ಕೆ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆ ಇತ್ತು, 2020ರ ಲೇಬಲ್ ನಿಯಮದಲ್ಲಿ ಅದು ಕಂದು ತ್ರಿಕೋನವಾಯಿತು. ಬಣ್ಣಗುರುಡು ಇದ್ದವರಿಗೂ ಆಕಾರ ನೋಡಿದರೆ ಗೊತ್ತಾಗುತ್ತದೆ. ಗಮನಿಸಿ, ಈ ಗುರುತು ತಿನ್ನುವವರ ಪಥ್ಯಕ್ಕೆ ಉತ್ತರ. ಕೋಳಿ ಹೇಗೆ ಬದುಕಿತ್ತು ಅನ್ನುವುದು ಅದರ ಪ್ರಶ್ನೆಯೇ ಅಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ ಈ ಪ್ರಶ್ನೆಗೆ ಮೊಟ್ಟೆಯ ಸಿಪ್ಪೆಯ ಮೇಲೇ ಉತ್ತರ ಅಚ್ಚಾಗಿರುತ್ತದೆ. 2004ರಿಂದ ಇದು ಕಡ್ಡಾಯ. ಮೊದಲ ಅಂಕಿ ನೋಡಬೇಕು. 0 ಅಂದರೆ ಸಾವಯವ, 1 ಅಂದರೆ ಬಯಲಲ್ಲಿ ಓಡಾಡುವ ಕೋಳಿ, 2 ಅಂದರೆ ಪಂಜರವಿಲ್ಲದ ಶೆಡ್, 3 ಅಂದರೆ ಪಂಜರ. ಆಮೇಲೆ ದೇಶದ ಎರಡು ಅಕ್ಷರ, ಫಾರಂನ ಸಂಖ್ಯೆ. ಬರೀ ಚಿತ್ರ ಹಾಕಿ 1 ಅನ್ನಿಸಿಕೊಳ್ಳೋಕೆ ಆಗಲ್ಲ. ಒಂದೊಂದು ಕೋಳಿಗೆ ಹೊರಗೆ 4 ಚದರ ಮೀಟರ್ ಜಾಗ ಇರಬೇಕು.

3ನೇ ಅಂಕಿಯಲ್ಲೂ ಒಂದು ಕತೆ ಇದೆ. ಹಳೆಯ ಪಂಜರದಲ್ಲಿ ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಕೊಟ್ಟರೆ ಸಾಕಿತ್ತು. ನಿಮ್ಮ ಜೆರಾಕ್ಸ್ ಹಾಳೆ ತೆಗೆದು ಅಳೆಯಿರಿ: ಎ4 ಹಾಳೆ ಸುಮಾರು 624. ಅಂದರೆ ರೆಕ್ಕೆ ಬಿಚ್ಚುವುದಿರಲಿ, ಹಾಳೆಯಷ್ಟೂ ಜಾಗ ಇಲ್ಲ. ಆ ಬರಿ ಪಂಜರವನ್ನು ಅಲ್ಲಿ 2012ರ ಜನವರಿ 1ರಿಂದ ನಿಷೇಧಿಸಿದರು. ಈಗಿನದಕ್ಕೆ 750, ಜೊತೆಗೆ ಕೂರಲು ಕಡ್ಡಿ, ಮೊಟ್ಟೆ ಇಡಲು ಗೂಡು, ಕೆದಕಲು ಜಾಗ. ಆದರೂ ಪಂಜರವೇ.

ನಮ್ಮಲ್ಲಿ ಕಾನೂನು ಇಲ್ಲವೇ ಅಂದರೆ, ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅದರ 11ನೇ ಸೆಕ್ಷನ್ ಪ್ರಕಾರ, ಮಿಸುಕಾಡಲು ತಕ್ಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಟ್ರೇ ಮೊಟ್ಟೆಯೂ ಬರಲ್ಲ ಅಲ್ವಾ! 2014ರ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಈ ಕಾಯ್ದೆಯೊಳಗೇ ಓದಿತು. ಅದು ಜಲ್ಲಿಕಟ್ಟಿನ ಕೇಸು, ಆದರೂ ಕೋಳಿ ಪಾಠಕ್ಕೂ ಬೇಕು. ಆ ಐದು ಇವು: ಹಸಿವು ಬಾಯಾರಿಕೆ, ಅನನುಕೂಲ, ನೋವು ರೋಗ, ಭಯ ಇವುಗಳಿಂದ ಬಿಡುಗಡೆ, ಮತ್ತು ತನ್ನ ಸಹಜ ನಡವಳಿಕೆಯಂತೆ ಇರುವ ಅವಕಾಶ. ಕೊನೆಯದನ್ನೇ ಪಂಜರ ಕಸಿಯುವುದು. ಕೆದಕದೆ, ಮಣ್ಣಲ್ಲಿ ಹೊರಳದೆ ಕೋಳಿ ಕೋಳಿಯಾಗಿ ಇರಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಮೊಟ್ಟೆ ಕೋಳಿ, ಬ್ರಾಯ್ಲರ್ ಸಾಕಾಣಿಕೆಯ ಬಗ್ಗೆಯೇ ಬರೆಯಿತು.

ಹಾಲಿಗೂ ಇದೇ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಊರ ಡೈರಿಗೆ ಹಾಲು ಹಾಕಿದರೆ ಯಂತ್ರ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ತೋರಿಸುತ್ತದೆ, ಅದರ ಮೇಲೆ ದುಡ್ಡು. ಹಸುವನ್ನು ದಿನವಿಡೀ ಮೋಟು ಹಗ್ಗದಲ್ಲಿ ಕಟ್ಟಿದ್ದರೋ, ಕರು ಬದುಕಿದೆಯೋ, ಅದಕ್ಕೆ ಚೀಟಿಯಲ್ಲಿ ಖಾನೆ ಇಲ್ಲ. ಪ್ಯಾಕೆಟ್ ಮೇಲೆ ಮಾತ್ರ ಹಸಿರು ಚುಕ್ಕೆ.