ರೆಕಾರ್ಡರ್‌ಗೆ ಹಾಕಿದ ಹಾರ್ಡ್ ಡಿಸ್ಕ್ ಯಾಕೆ ಕೈಕೊಡುತ್ತದೆ?

ಕಂಪ್ಯೂಟರಿನಲ್ಲಿ ತಕರಾರಿಲ್ಲದೆ ಓಡುತ್ತಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಟಿವಿ ಕಾರ್ಯಕ್ರಮ ಹಿಡಿದಿಡುವ ಪೆಟ್ಟಿಗೆಗೆ, ಅಂದರೆ ಟಿವಿ ರೆಕಾರ್ಡರ್‌ಗೆ, ಹಾಕಿದ ಕೂಡಲೇ ಹಟ ಹಿಡಿಯುತ್ತದೆ. ಒಮ್ಮೆ ಡಿಸ್ಕ್ ಕಾಣುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಇನ್ನೊಮ್ಮೆ ರೆಕಾರ್ಡಿಂಗ್ ಅರ್ಧಕ್ಕೇ ನಿಂತಿರುತ್ತದೆ. ಪೂರ್ತಿ ರೆಕಾರ್ಡ್ ಆದರೂ ನಡುನಡುವೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಡಿಸ್ಕ್ ಹಾಳಾಯಿತು ಅಂತ ಅನ್ನಿಸುವುದು ಸಹಜ. ಆದರೆ ಎಷ್ಟೋ ಸಲ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ. ರೆಕಾರ್ಡರ್ ಅದರಿಂದ ಕೇಳುವ ಕೆಲಸವೇ ಬೇರೆ ಥರದ್ದು.

ವೇಗ ಸಾಲುತ್ತಿಲ್ಲವೇನೋ ಎಂದು ಹಲವರಿಗೆ ಅನುಮಾನ. ಲೆಕ್ಕ ಹಾಕಿ ನೋಡೋಣ. ಒಂದು ಎಚ್‌ಡಿ ಚಾನೆಲ್ ಸೆಕೆಂಡಿಗೆ 8 ಮೆಗಾಬಿಟ್ ಕಳಿಸುತ್ತದೆ ಎಂದುಕೊಳ್ಳಿ. 8 ಬಿಟ್‌ಗೆ 1 ಬೈಟ್. ಅಂದರೆ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ. 1 ಟಿಬಿ ಡಿಸ್ಕಿನಲ್ಲಿ 270 ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಎರಡು ಚಾನೆಲ್ ರೆಕಾರ್ಡ್ ಮಾಡುತ್ತಾ ಮೂರನೆಯದನ್ನು ಡಿಸ್ಕಿನಿಂದ ನೋಡಿದರೂ ಬೇಕಾಗುವುದು ಸೆಕೆಂಡಿಗೆ 3 ಎಂಬಿ ಅಷ್ಟೇ. ಈಗಿನ ಸಾಧಾರಣ ಡಿಸ್ಕ್ ಕೂಡ ಸಾಲಾಗಿ ಬರೆಯುವಾಗ 100 ಎಂಬಿ ಆಸುಪಾಸು ಬರೆಯುತ್ತದೆ. ಹಾಗಾಗಿ ವೇಗದ ಮೇಲೆ ತಪ್ಪು ಹೊರಿಸುವಂತಿಲ್ಲ.

ತೊಂದರೆ ಇರುವುದು ನಡುವೆ ನಿಲ್ಲುವುದರಲ್ಲಿ. ಫೈಲ್ ಕಾಪಿ ಆಗುವಾಗ ಡಿಸ್ಕ್ 5 ಸೆಕೆಂಡ್ ಸುಮ್ಮನಾದರೆ ಕಂಪ್ಯೂಟರ್ ಕಾಯುತ್ತದೆ. ಟಿವಿ ಪ್ರಸಾರ ಕಾಯುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತಲೇ ಇರುವಾಗ ತುಂಬಿದ ಕೊಡ ಎತ್ತಿ ಖಾಲಿ ಕೊಡ ಇಡಲು ತಡ ಮಾಡಿದರೆ ಏನಾಗುತ್ತದೆ? ಇಲ್ಲೂ ಅದೇ ಆಗುತ್ತದೆ. ರೆಕಾರ್ಡರ್ ಒಳಗೆ ಬಫರ್ ಎಂಬ ಸಣ್ಣ ಮೆಮೊರಿ ಇದೆ. ಅದು ತುಂಬುವುದರೊಳಗೆ ಡಿಸ್ಕ್ ಸಿದ್ಧವಾಗದಿದ್ದರೆ ಮುಂದಿನ ದೃಶ್ಯ ಹೋದಂತೆಯೇ. ಒಡೆದ ಚಿತ್ರ ಕಾಣುವುದು ಆಗಲೇ. 1999ರಲ್ಲಿ ಟಿವೋ, ರೀಪ್ಲೇ ಟಿವಿ ಎಂಬ ರೆಕಾರ್ಡರ್ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ನೇರ ಪ್ರಸಾರವನ್ನೇ ನಿಲ್ಲಿಸಿ, ಹಿಂದಕ್ಕೆ ಹೋಗಿ ನೋಡುವ ಅಭ್ಯಾಸ ಅಲ್ಲಿಂದ ಬೆಳೆಯಿತು. ಅದಕ್ಕಾಗಿ ನೀವು ರೆಕಾರ್ಡ್ ಒತ್ತದಿದ್ದರೂ ಡಿಸ್ಕ್ ಬರೆಯುತ್ತಲೇ ಇರುತ್ತದೆ. ಟಿವಿ ನೋಡುತ್ತಿರುವಷ್ಟು ಹೊತ್ತೂ ಅದಕ್ಕೆ ಬಿಡುವಿಲ್ಲ.

ಈಗ ಡಿಸ್ಕ್ ಯಾಕೆ ನಿಲ್ಲುತ್ತದೆ ನೋಡಿ. ಎಕ್ಸ್‌ಟರ್ನಲ್ ಡಿಸ್ಕ್‌ಗಳನ್ನು ಬ್ಯಾಕಪ್‌ಗಾಗಿ ಮಾಡುವುದೇ ಹೆಚ್ಚು. ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ಅವು ತಾವಾಗಿ ನಿದ್ದೆಗೆ ಜಾರುತ್ತವೆ. ಒಳಗೆ ತಿರುಗುವ ತಟ್ಟೆ ಮತ್ತೆ ಪೂರ್ತಿ ವೇಗಕ್ಕೆ ಬರಲು ಕೆಲವು ಸೆಕೆಂಡ್ ಬೇಕು. ನಿಗದಿ ಮಾಡಿಟ್ಟ ರೆಕಾರ್ಡಿಂಗ್ ಶುರುವಾಗುವ ಹೊತ್ತಿಗೆ ಡಿಸ್ಕ್ ಎದ್ದಿರದಿದ್ದರೆ, ಕೆಲವು ರೆಕಾರ್ಡರ್‌ಗಳು ಡಿಸ್ಕೇ ಇಲ್ಲ ಎಂದು ತೀರ್ಮಾನಿಸಿಬಿಡುತ್ತವೆ. ತಯಾರಕರ ಸಾಫ್ಟ್‌ವೇರ್ ಸಿಕ್ಕರೆ, ಕಂಪ್ಯೂಟರಿಗೆ ಹಾಕಿ ಈ ನಿದ್ದೆಯ ಅವಧಿಯನ್ನು ಬದಲಿಸಬಹುದು.

ಇನ್ನೊಂದು ಕಾರಣ ಡಿಸ್ಕಿನ ಅತಿಯಾದ ಪ್ರಾಮಾಣಿಕತೆ! ಒಂದು ಜಾಗ ಓದಲಾಗದಿದ್ದರೆ ಮಾಮೂಲಿ ಡಿಸ್ಕ್ ಮತ್ತೆ ಮತ್ತೆ ಯತ್ನಿಸುತ್ತದೆ, ಎಷ್ಟೋ ಸೆಕೆಂಡ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಾಖಲೆ ಫೈಲಿಗೆ ಅದು ಒಳ್ಳೆಯದೇ, ಒಂದು ಬೈಟ್ ಕೂಡ ತಪ್ಪಬಾರದಲ್ಲ. ವಿಡಿಯೊದಲ್ಲಿ ಒಂದು ಚುಕ್ಕೆ ಹೋದರೆ ಯಾರಿಗೂ ಕಾಣುವುದಿಲ್ಲ, ಓಟ ನಿಂತರೆ ಎಲ್ಲರಿಗೂ ಕಾಣುತ್ತದೆ. ಅದಕ್ಕೇ ವಿಡಿಯೊ ಕೆಲಸಕ್ಕೆಂದು ಮಾಡಿದ ಡಿಸ್ಕ್‌ಗಳು ಗೊತ್ತಾದ ಸಮಯದೊಳಗೆ ಯತ್ನ ಬಿಟ್ಟು ಮುಂದಕ್ಕೆ ಹೋಗುತ್ತವೆ. ಮೂರನೆಯ ಕಾರಣ ಎಸ್‌ಎಂಆರ್ ಎಂಬ ವಿಧಾನ. ಇದರಲ್ಲಿ ಬರೆಯುವ ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಜಾಗ ಉಳಿಯುತ್ತದೆ ನಿಜ. ಆದರೆ ಒಂದು ಪಟ್ಟಿ ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಲೇ ಇರುವ ರೆಕಾರ್ಡರ್‌ಗೆ ಇಂಥ ಡಿಸ್ಕ್ ಅಷ್ಟಾಗಿ ಹೊಂದುವುದಿಲ್ಲ.

ಹುಡುಕಾಟವನ್ನು ನಾನಾದರೆ ಪವರ್‌ನಿಂದ ಶುರು ಮಾಡುತ್ತೇನೆ. ಮಾಮೂಲಿ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಕೊಡಬೇಕು ಎಂಬುದು ನಿಯಮ. ಯುಎಸ್‌ಬಿ 3.0 ಆದರೆ 900. ಅಂಗೈಯಗಲದ 2.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವ ಆ ಕೆಲವು ಸೆಕೆಂಡ್ ಸುಮಾರು 1 ಆಂಪಿಯರ್, ಅಂದರೆ 1000 ಮಿಲಿಆಂಪಿಯರ್, ಎಳೆಯಬಹುದು. ಕಂಪ್ಯೂಟರಿನ ಪೋರ್ಟ್ ಹೆಚ್ಚಾಗಿ ನಿಯಮಕ್ಕಿಂತ ಧಾರಾಳವಾಗಿ ಕೊಡುತ್ತದೆ. ರೆಕಾರ್ಡರ್ ಪೋರ್ಟ್ ಲೆಕ್ಕ ಹಾಕಿ ಕೊಡುತ್ತದೆ. ಆಗ ಡಿಸ್ಕ್ ಏಳಲು ನೋಡುತ್ತದೆ, ಸೋಲುತ್ತದೆ, ಮತ್ತೆ ನೋಡುತ್ತದೆ. ಟಿಕ್ ಟಿಕ್ ಸದ್ದು ಬರುತ್ತದೆ, ದೀಪ ಆರಿ ಹತ್ತುತ್ತದೆ. ಕೇಬಲ್ ಕೂಡ ಇದರಲ್ಲಿ ಪಾಲುದಾರ. ಸಣಕಲು, ಉದ್ದ ಕೇಬಲ್‌ನ ತಂತಿಗಳಲ್ಲಿ ಒಟ್ಟು ಅರ್ಧ ಓಮ್ ಪ್ರತಿರೋಧ ಇದ್ದರೆ ಸಾಕು, 1 ಆಂಪಿಯರ್ ಹರಿಯುವಾಗ ಅರ್ಧ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಡಿಸ್ಕಿಗೆ ಮುಟ್ಟುವುದು ನಾಲ್ಕೂವರೆ ವೋಲ್ಟ್. ಕೇಬಲ್ ಗಿಡ್ಡವಿರಲಿ, ದಪ್ಪವಿರಲಿ. ಅದರಿಂದಲೂ ಆಗದಿದ್ದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಪ್ರಯತ್ನಿಸಿ. 3.5 ಇಂಚಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕು, ಅದಕ್ಕೆ ಅಡಾಪ್ಟರ್ ಜೊತೆಯಲ್ಲೇ ಬರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿದ್ದ ಅಡಾಪ್ಟರ್ ಒಳಗಿನ ಕೆಪಾಸಿಟರ್‌ಗಳು ಸೊರಗುತ್ತವೆ. ಸುಮ್ನೆ ಅಳೆದರೆ 12 ವೋಲ್ಟ್ ಇದ್ದೇ ಇರುತ್ತದೆ, ಡಿಸ್ಕ್ ಕರೆಂಟ್ ಎಳೆದಾಗ ಕುಸಿಯುತ್ತದೆ.

ಯುಎಸ್‌ಬಿ ಬದಲು ಇ-ಸಾಟಾ ಎಂಬ ಬೇರೆ ಥರದ ಪೋರ್ಟ್ ಬಳಸುವ ರೆಕಾರ್ಡರ್‌ಗಳೂ ಇವೆ. ಮಾಮೂಲಿ ಇ-ಸಾಟಾ ಕೇಬಲ್ ಪವರ್ ಒಯ್ಯುವುದಿಲ್ಲ, ಉದ್ದ 2 ಮೀಟರ್ ಮೀರಬಾರದು. ಮೊದಲು ಡಿಸ್ಕ್ ಆನ್ ಮಾಡಿ, ಅದು ತಿರುಗಿದ ಮೇಲೆ ರೆಕಾರ್ಡರ್ ಆನ್ ಮಾಡುವುದು ಒಳ್ಳೆಯದು. ಯುಎಸ್‌ಬಿ ಪೋರ್ಟ್ ಇದ್ದ ಮಾತ್ರಕ್ಕೆ ಅದು ರೆಕಾರ್ಡಿಂಗ್‌ಗೆ ಎಂದೇನಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಅದು ರಿಪೇರಿಯವರಿಗೆ ಮಾತ್ರ. ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಪವರ್, ಕೇಬಲ್ ಎರಡೂ ಸರಿಯಿದ್ದರೆ ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ, ಅದರ ಕಡೆ ಬನ್ನಿ. ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಮೇಲಿನ ಲೆಕ್ಕದ ಪ್ರಕಾರ ಅದು ಒಂದು ಗಂಟೆ ಹತ್ತು ನಿಮಿಷದ ರೆಕಾರ್ಡಿಂಗ್. ನಿಮ್ಮ ರೆಕಾರ್ಡಿಂಗ್‌ಗಳೆಲ್ಲ ಪ್ರತಿ ಸಲ ಅದೇ ಅಳತೆಗೆ ನಿಲ್ಲುತ್ತಿದ್ದರೆ ಕಾರಣ ಸಿಕ್ಕಿತು ಅಂತಲೇ. ಹಳೆಯ ರೆಕಾರ್ಡರ್‌ಗಳಿಗೆ ಇನ್ನೊಂದು ಮಿತಿ ಇದೆ. ಅವು ಡಿಸ್ಕಿನ ತುಣುಕುಗಳಿಗೆ ನಂಬರ್ ಹಾಕಲು 32 ಬಿಟ್ ಮಾತ್ರ ಬಳಸುತ್ತವೆ. ಒಂದು ತುಣುಕು 512 ಬೈಟ್. ಒಟ್ಟು ಲೆಕ್ಕ ಸುಮಾರು 2.2 ಟಿಬಿಗೆ ಮುಗಿಯುತ್ತದೆ. 3 ಟಿಬಿ ಡಿಸ್ಕ್ ಹಾಕಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿ ಸುಮಾರು 800 ಜಿಬಿ ಎಂದು ತೋರಿಸುವುದೂ ಉಂಟು. ಡಿಸ್ಕ್ ಮೋಸ ಮಾಡಿಲ್ಲ, ಪೆಟ್ಟಿಗೆಗೆ ಅಷ್ಟು ದೂರ ಎಣಿಸಲು ಬರುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಪರದೆಯ ಮೇಲೆ 'ಫಾರ್ಮ್ಯಾಟ್ ಮಾಡಲೇ?' ಎಂದು ಬಂದ ಕೂಡಲೇ ಹೌದು ಅನ್ನಬೇಡಿ. ಪವರ್ ಕುಸಿದು ಡಿಸ್ಕ್ ಸರಿಯಾಗಿ ಓದಲಾಗದಿದ್ದಾಗಲೂ ರೆಕಾರ್ಡರ್ ಇದೇ ಪ್ರಶ್ನೆ ಕೇಳಬಹುದು. ಒಂದು ಕೇಬಲ್ ಬದಲಿಸಿದ್ದರೆ ಉಳಿಯುತ್ತಿದ್ದ ಕಾರ್ಯಕ್ರಮಗಳೆಲ್ಲ ಆ ಒಂದು ಒತ್ತಿಗೆ ಹೋಗುತ್ತವೆ. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದಾಗ ಅದು ಖಾಲಿ ಎಂಬಂತೆ ಕಂಡರೆ ಗಾಬರಿಯಾಗಬೇಡಿ. ಹಲವು ರೆಕಾರ್ಡರ್‌ಗಳು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್‌ನ ಪದ್ಧತಿಯಲ್ಲಿ ಬರೆಯುತ್ತವೆ, ವಿಂಡೋಸ್‌ಗೆ ಅದು ನೇರವಾಗಿ ಓದಲು ಬರುವುದಿಲ್ಲ. ಜೊತೆಗೆ ಅನೇಕ ಪೆಟ್ಟಿಗೆಗಳು ರೆಕಾರ್ಡಿಂಗ್‌ಗೆ ಬೀಗ ಹಾಕುತ್ತವೆ. ಬೀಗದ ಕೈ ಆ ಪೆಟ್ಟಿಗೆಯೊಳಗೇ ಇರುತ್ತದೆ. ಪೆಟ್ಟಿಗೆ ಬದಲಾದರೆ ಡಿಸ್ಕ್ ಚೆನ್ನಾಗಿದ್ದರೂ ಕಾರ್ಯಕ್ರಮ ತೆರೆಯುವುದಿಲ್ಲ. ಹಾಗಾಗಿ ಪೆಟ್ಟಿಗೆ ವಾಪಸ್ ಕೊಡುವ ಮೊದಲು ಬೇಕಾದ್ದನ್ನು ನೋಡಿ ಮುಗಿಸಿ.

ಇಷ್ಟಾದರೂ ತೊಂದರೆ ಹೋಗದಿದ್ದರೆ ಡಿಸ್ಕನ್ನೇ ಕೇಳುವುದು ಉಳಿಯಿತು. ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಅದರ ಹೆಸರು ಸ್ಮಾರ್ಟ್. ಕಂಪ್ಯೂಟರಿನಲ್ಲಿ ಉಚಿತ ಸಾಫ್ಟ್‌ವೇರ್‌ನಿಂದ ಅದನ್ನು ಓದಬಹುದು. ಅದರಲ್ಲಿ ಮೂರು ಸಾಲು ನೋಡಿದರೆ ಸಾಕು. 5 ಎಂಬ ನಂಬರಿನ ಸಾಲು, ಕೆಟ್ಟಿದ್ದಕ್ಕೆ ಬದಲಾಗಿ ಬೇರೆ ಕಡೆ ಹಾಕಿದ ತುಣುಕುಗಳ ಲೆಕ್ಕ. 197 ನಂಬರಿನದು, ಓದಲಾಗದೆ ಅನುಮಾನದಲ್ಲಿಟ್ಟ ತುಣುಕುಗಳದ್ದು. ಇವೆರಡು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ನಿಜವಾಗಿಯೂ ಸೋಲುತ್ತಿದೆ. ಹೊಸದು ತರುವ ಹೊತ್ತು ಬಂದಿದೆ. 199 ನಂಬರಿನ ಸಾಲು ಮಾತ್ರ ಏರುತ್ತಿದ್ದರೆ ಮಾಹಿತಿ ಸಾಗುವ ದಾರಿಯಲ್ಲಿ ತಪ್ಪಾಗುತ್ತಿದೆ ಎಂದು ಅರ್ಥ. ಕೇಬಲ್ ಅಥವಾ ಡಿಸ್ಕಿನ ಹೊರಡಬ್ಬಿ ಬದಲಿಸಿದರೆ ಅದೇ ಡಿಸ್ಕ್ ಇನ್ನೂ ವರ್ಷಗಟ್ಟಲೆ ದುಡಿಯಬಹುದು.