ಖಾಲಿ ಟ್ಯಾಂಕಿನ ತುಕ್ಕು

ನೌಕಾಪಡೆಗೆ ಐದು ಪೂರೈಕೆ ಹಡಗುಗಳನ್ನು ಕಟ್ಟುವ ಗುತ್ತಿಗೆ 2023ರ ಆಗಸ್ಟ್‌ನಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿಗೆ ಸಿಕ್ಕಿತು. ಅಂದಿನಿಂದ ಕಡಲೇ ಇಲ್ಲದ ಬೆಂಗಳೂರಿನಲ್ಲೂ ಹಡಗಿನ ನಿರ್ವಹಣೆಗೆ ಸಾಫ್ಟ್‌ವೇರ್ ಬರೆಯುವ ಉತ್ಸಾಹ ಹೆಚ್ಚಿದೆ. ಸಂತೋಷದ ವಿಷಯವೇ. ಆದರೆ ಸಲಹೆಗೆಂದು ನನ್ನ ಬಳಿ ಬರುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಹಡಗಿನ ಆಯುಷ್ಯ ಎಷ್ಟು ವರ್ಷ?"

ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಚುರುಕಾದ ಹುಡುಗಿಯೊಬ್ಬಳು ಪರದೆಯ ಮೇಲೆ ಹಸಿರು ಪಟ್ಟಿಯೊಂದನ್ನು ತೋರಿಸಿದಳು. "ಸರ್, ಆಯುಷ್ಯ 30 ವರ್ಷ, 12 ಕಳೆದಿದೆ, ಇನ್ನೂ ಶೇ 60 ಉಳಿದಿದೆ." ಲೆಕ್ಕ ಸರಿಯಿತ್ತು. ಹಡಗಿನ ಸಮತೋಲಕ್ಕೆ ಕಡಲ ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕಿನ ಉಕ್ಕಿನ ಪ್ಲೇಟುಗಳ ದಪ್ಪ ಎಲ್ಲಿ ನಮೂದಾಗುತ್ತದೆ ಎಂದು ಕೇಳಿದೆ. ಅದಕ್ಕೆ ಜಾಗವೇ ಇರಲಿಲ್ಲ.

ನಮ್ಮ ನೌಕಾಪಡೆಯ ಪೂರೈಕೆ ಹಡಗುಗಳಲ್ಲಿ ಜರ್ಮನಿಯಲ್ಲಿ ಕಟ್ಟಿದ ಹಳೆಯ ದೀಪಕ್ 1967ರಿಂದ 1996ರವರೆಗೆ, ಹಳೆಯ ಶಕ್ತಿ 1976ರಿಂದ 2007ರವರೆಗೆ ಸೇವೆಯಲ್ಲಿದ್ದವು. ಇದನ್ನು ನೋಡಿ 30 ಎಂದು ಬರೆದುಕೊಳ್ಳುತ್ತಾರೆ. ಅದು ವಿನ್ಯಾಸದ ಗುರಿಯಾಗಬಹುದು, ಉಕ್ಕಿಗೆ ಮಾತ್ರ ಅದು ಗೊತ್ತಿಲ್ಲ. ಬಿಡಿಭಾಗ ಸಿಗದೆ, ನಿಯಮ ಬದಲಾಗಿ ನಿವೃತ್ತಿಯಾಗುವ ಹಡಗುಗಳೂ ಇವೆ. ಇಲ್ಲಿ ಒಡಲಿನ ಮಾತಷ್ಟೇ ಆಡುತ್ತೇನೆ, ಅದೂ ನಿರ್ದಿಷ್ಟ ಹಡಗೊಂದರ ಬಗ್ಗೆ ಅಲ್ಲ.

ಪೂರೈಕೆ ಹಡಗು ಸಾಗುತ್ತಲೇ ಪಕ್ಕದ ಯುದ್ಧನೌಕೆಗೆ ಕೊಳವೆ ಚಾಚಿ ಇಂಧನ ಕೊಡುತ್ತದೆ. ಕೊಟ್ಟಷ್ಟೂ ಹಗುರಾಗಿ ಮೇಲೇಳುತ್ತದೆ. ಸಮತೋಲ ಕೆಡದಂತೆ, ಪ್ರೊಪೆಲರ್ ನೀರಿನೊಳಗೇ ಇರುವಂತೆ ನೋಡಿಕೊಳ್ಳಲು ಬ್ಯಾಲಾಸ್ಟ್ ಟ್ಯಾಂಕಿಗೆ ಕಡಲ ನೀರು ತುಂಬಿಸುತ್ತಾರೆ. ಮತ್ತೆ ಇಂಧನ ತುಂಬಿಕೊಳ್ಳುವಾಗ ಆ ನೀರು ಹೊರಗೆ. 2011ರಲ್ಲಿ ಇಟಲಿಯಿಂದ ಬಂದ ಇಂದಿನ ದೀಪಕ್, ಶಕ್ತಿ ಹಡಗುಗಳಿಗೆ ಎರಡು ಪದರದ ಒಡಲಿದೆ. ಇಂಥ ಟ್ಯಾಂಕರುಗಳಲ್ಲಿ ಆ ಎರಡು ಪದರಗಳ ನಡುವಿನ ಇಕ್ಕಟ್ಟಾದ ಜಾಗವೇ ಸಾಮಾನ್ಯವಾಗಿ ಬ್ಯಾಲಾಸ್ಟ್ ಟ್ಯಾಂಕು. ತೈಲ ಸೋರದಂತೆ ಕಾಯುವ ಏರ್ಪಾಟೇ ಉಪ್ಪುನೀರಿಗೆ ಸಿಗುವ ಉಕ್ಕಿನ ಮೈಯನ್ನು ಹೆಚ್ಚಿಸಿದೆ.

ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುವುದು ಇದನ್ನೇ. ಟ್ಯಾಂಕು ಕೆಡುವುದು ನೀರು ತುಂಬಿದ್ದಾಗ ಮಾತ್ರವಲ್ಲ, ಖಾಲಿಯಾದ ಮೇಲೂ ಕೆಡುತ್ತದೆ. ಒಳಗೆ ಕೂರಿಸಿದ ಸತುವಿನ ಗಟ್ಟಿಗಳು ತಾವು ಕರಗಿ ಉಕ್ಕನ್ನು ಉಳಿಸುವುದು ಎರಡೂ ನೀರಿನಲ್ಲಿ ಮುಳುಗಿದ್ದಾಗಷ್ಟೆ. ನೀರಿಳಿದ ಮೇಲೆ ಗೋಡೆಯಲ್ಲಿ ಉಪ್ಪಿನ ತೇವ ಉಳಿಯುತ್ತದೆ, ಗಾಳಿ ಬೇಕಾದಷ್ಟಿರುತ್ತದೆ, ಸತುವಿಗೆ ಮಾತ್ರ ಕೆಲಸವಿರುವುದಿಲ್ಲ. ಟ್ಯಾಂಕು ತುಂಬಿದಾಗಲೂ ಡೆಕ್ಕಿನ ತಳಭಾಗಕ್ಕೆ ನೀರು ತಾಗದಿದ್ದರೆ ಅಲ್ಲಿ ಸತುವಿನ ರಕ್ಷಣೆ ಇಲ್ಲ. ಮನೆಯ ಕಬ್ಬಿಣದ ಡ್ರಮ್ಮಿನಲ್ಲಿ ನೀರು ಏರಿಳಿಯುವ ಮಟ್ಟದಲ್ಲೇ ತುಕ್ಕಿನ ಪಟ್ಟಿ ಕೂರುವುದನ್ನು ನೋಡಿದವರಿಗೆ ಇದು ಹೊಸದಾಗಬಾರದು.

ಅಲ್ಲಿ ಉಕ್ಕನ್ನು ಕಾಯಬೇಕಾದದ್ದು ಬಣ್ಣದ ಲೇಪ. ಟಾರ್ಚ್ ಹಿಡಿದು ಸ್ಟಿಫ್ನರಿನ, ಅಂದರೆ ಪ್ಲೇಟಿಗೆ ಬಲ ಕೊಡಲು ಬೆಸೆದ ಉಕ್ಕಿನ ಪಟ್ಟಿಯ, ಅಂಚನ್ನು ನೋಡಿ. ನಡುವೆ ಲೇಪ ಗಟ್ಟಿಯಾಗಿರುತ್ತದೆ, ಚೂಪು ಅಂಚಿನಲ್ಲಿ ಒಣಗುವಾಗ ಹಿಂದೆ ಸರಿದು ತೆಳ್ಳಗಾಗಿರುತ್ತದೆ. ತುಕ್ಕು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಅದಕ್ಕೇ ವಾಣಿಜ್ಯ ಹಡಗುಗಳಿಗೆ 2006ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ಮಾನದಂಡವು ಅಂಚುಗಳನ್ನು ಉಜ್ಜಿ ದುಂಡಗಾಗಿಸಬೇಕು, ಲೇಪ 320 ಮೈಕ್ರಾನ್, ಅಂದರೆ ಮಿಲಿಮೀಟರಿನ ಸುಮಾರು ಮೂರನೇ ಒಂದು ಭಾಗ ದಪ್ಪ ಇರಬೇಕು ಎನ್ನುತ್ತದೆ. ಅಷ್ಟೆಲ್ಲ ಮಾಡಿದರೂ ಅದು ಇಟ್ಟುಕೊಂಡಿರುವ ಗುರಿ 15 ವರ್ಷ. ಅಂದರೆ 30 ಎಂದು ಬರೆದ ಹಡಗಿನಲ್ಲಿ ನಡುದಾರಿಯಲ್ಲೇ ಲೇಪದ ಗುರಿ ಮುಗಿದಿರುತ್ತದೆ.

ಆದ್ದರಿಂದ ಪಟ್ಟಿಗೆ ವರ್ಷದ ಜೊತೆ ಇವನ್ನೂ ಸೇರಿಸಿ: ಪ್ರತಿ ಟ್ಯಾಂಕು ಎಷ್ಟು ದಿನ ತುಂಬಿತ್ತು, ಎಷ್ಟು ದಿನ ಖಾಲಿಯಿತ್ತು, ಲೇಪ ಎಲ್ಲೆಲ್ಲಿ ಎದ್ದಿದೆ, ಅಲ್ಟ್ರಾಸಾನಿಕ್ ಮಾಪನದಲ್ಲಿ ಯಾವ ಬಿಂದುವಿನಲ್ಲಿ ಎಷ್ಟು ದಪ್ಪ ಉಳಿದಿದೆ. ದಯವಿಟ್ಟು ಸರಾಸರಿ ತೆಗೆಯಬೇಡಿ. ಪ್ಲೇಟು ತೂತಾಗುವುದು ಅತಿ ತೆಳುವಾದ ಕಡೆ, ಸರಾಸರಿಯಲ್ಲಿ ಮರೆಯಾಗುವುದೂ ಅದೇ ಜಾಗ.

ಇದನ್ನೋದಿ, ಹಡಗನ್ನು ನೀರಿಲ್ಲದ ಕಡೆ ನಿಲ್ಲಿಸಿ ದುರಸ್ತಿ ಮಾಡುವ ಡ್ರೈಡಾಕಿಗೆ ಹೋಗಿ ಕಣ್ಣಾರೆ ನೋಡಬೇಕೆನ್ನುವ ಮಕ್ಕಳಿಗೆ ಒಂದು ಮಾತು. ಮುಚ್ಚಿದ ಟ್ಯಾಂಕಿನಲ್ಲಿ ತುಕ್ಕು ಒಳಗಿನ ಆಮ್ಲಜನಕವನ್ನೇ ತಿಂದು ಮುಗಿಸುತ್ತದೆ. ವಾಸನೆ ಬರುವುದಿಲ್ಲ, ಇಳಿದವನು ಅಪಾಯ ಅರಿಯುವ ಮೊದಲೇ ಕುಸಿಯುತ್ತಾನೆ. ಗಾಳಿಯಾಡಿಸಿ, ಮೀಟರಿನಲ್ಲಿ ಅಳೆದು, ಜವಾಬ್ದಾರಿ ಹೊತ್ತವರು ಸಹಿ ಹಾಕುವವರೆಗೆ ಏಣಿಯ ಮೇಲೆ ಕಾಲಿಡಬೇಡಿ. ಟ್ಯಾಂಕಿನ ಬಾಯಿಯ ಬಳಿ ಒಬ್ಬರು ನಿಂತಿರಲೇಬೇಕು.