ಒಂದೇ ಕೋಣೆ, ಮೂರು ಕಾಲದ ಪಾಠ: ಗೇಮ್ ಎಂಜಿನ್‌ನಲ್ಲಿ ಸಿನಿಮಾ ಬೆಳಕು ಕಲಿಯುವುದು ಯಾಕಿಷ್ಟು ಗೋಜಲು?

ಗೇಮ್ ಎಂಜಿನ್‌ನಲ್ಲಿ, ಅಂದರೆ ಆಟ ಕಟ್ಟುವ ಸಾಫ್ಟ್‌ವೇರ್‌ನಲ್ಲಿ, ಸಿನಿಮಾದಂಥ ಬೆಳಕು ಮಾಡಲು ಕಲಿಯೋಣ ಅಂತ ಕೂತವರಿಗೆ ಶುರುವಿನಲ್ಲೇ ತಲೆ ಕೆಡುತ್ತದೆ. ಒಂದು ಪಾಠದಲ್ಲಿ ಕಿಟಕಿಯಾಚೆ ಒಂದೇ ದೀಪ ಸಾಕು ಅನ್ನುತ್ತಾರೆ. ಇನ್ನೊಂದರಲ್ಲಿ ಕೋಣೆಯ ಮೂಲೆಮೂಲೆಗೂ ಸಣ್ಣ ದೀಪ ಇಡಿ ಅನ್ನುತ್ತಾರೆ. ಒಬ್ಬರ ಸೂರ್ಯ 10 ಲಕ್ಸ್, ಮತ್ತೊಬ್ಬರದ್ದು 1 ಲಕ್ಷ ಲಕ್ಸ್ (ಲಕ್ಸ್ ಅಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ). ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರು ಕಲಿತ ಕಾಲಕ್ಕೆ ಅದು ಸರಿಯಾಗೇ ಇತ್ತು. ಪಾಠ ಯಾವ ಕಾಲದ್ದು ಅಂತ ಮಾತ್ರ ಅದರ ಮೇಲೆ ಬರೆದಿರುವುದಿಲ್ಲ, ಅಷ್ಟೇ.

ಸಿನಿಮಾದವರ ಕಡೆ ಮೂಲಪಾಠ ಹೆಚ್ಚು ಬದಲಾಗಿಲ್ಲ. ಮುಖಕ್ಕೆ ಕೀ ಲೈಟ್, ನೆರಳನ್ನು ಸ್ವಲ್ಪ ತಿಳಿಯಾಗಿಸಲು ಫಿಲ್, ಹಿನ್ನೆಲೆಯಿಂದ ಬಿಡಿಸಿ ತೋರಿಸಲು ಬ್ಯಾಕ್ ಲೈಟ್. ಕಂಪ್ಯೂಟರಿನ ಕಡೆ ಬೆಳಕನ್ನು ಲೆಕ್ಕ ಹಾಕುವ ವಿಧಾನಗಳನ್ನು ಸಂಶೋಧಕರು ಒಬ್ಬರ ಹಿಂದೊಬ್ಬರು ಕೊಟ್ಟರು: 1971ರಲ್ಲಿ ಗೂರೋ, 1975ರಲ್ಲಿ ಫಾಂಗ್, 1980ರಲ್ಲಿ ವಿಟೆಡ್, 1986ರಲ್ಲಿ ಕಾಜಿಯಾ. ಬೆಳಕು ಗೋಡೆಯಿಂದ ಗೋಡೆಗೆ ಹೇಗೆ ಪುಟಿಯುತ್ತದೆ ಅನ್ನುವುದರ ಸಮೀಕರಣ ಕಾಗದದ ಮೇಲೆ ಆಗಲೇ ಸಿದ್ಧವಿತ್ತು. ಇಲ್ಲದ್ದು ಸಮಯ. ಅನಿಮೇಷನ್ ಸಿನಿಮಾದ ಒಂದು ಫ್ರೇಮ್‌ಗೆ ಗಂಟೆಗಟ್ಟಲೆ ಕಾಯಬಹುದು. ಸೆಕೆಂಡಿಗೆ 60 ಫ್ರೇಮ್ ಬೇಕಾದ ಆಟದಲ್ಲಿ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಮುಂದಿನ ಕತೆಯೆಲ್ಲ ಈ 16.7ರ ಸುತ್ತ ನಡೆದ ಹೊಂದಾಣಿಕೆ.

1996ರಲ್ಲಿ ಬಂದ ಕ್ವೇಕ್ ಬೆಳಕನ್ನು ಮೊದಲೇ ಲೆಕ್ಕ ಹಾಕಿ, ಚಿತ್ರವಾಗಿ ಗೋಡೆಗೆ ಅಂಟಿಸಿತು. ಅದೇ ಲೈಟ್‌ಮ್ಯಾಪ್. 2004ರಲ್ಲಿ ಎರಡು ಆಟಗಳು ಎರಡು ದಾರಿ ಹಿಡಿದವು. ಡೂಮ್ 3 ಎಲ್ಲ ದೀಪಗಳನ್ನೂ ಆಗಿಂದಾಗಲೇ ಲೆಕ್ಕ ಹಾಕಿತು. ಆದರೆ ಬೆಳಕು ಪುಟಿಯುತ್ತಿರಲಿಲ್ಲ, ಹಾಗಾಗಿ ನೆರಳು ಕಡುಕಪ್ಪು, ಅಂಚು ಚಾಕುವಿನಷ್ಟು ಹರಿತ. ಹಾಫ್-ಲೈಫ್ 2 ಲೈಟ್‌ಮ್ಯಾಪನ್ನೇ ನಂಬಿತು. ಗೋಡೆಗಳ ಮೇಲೆ ಮೆತ್ತನೆ ಬೆಳಕು ಸಿಕ್ಕಿತು, ಆದರೆ ಆ ದೀಪಗಳನ್ನು ಅಲ್ಲಾಡಿಸುವಂತಿರಲಿಲ್ಲ. ನಂತರದ ಹತ್ತು-ಹದಿನೈದು ವರ್ಷ ಗೆದ್ದದ್ದು ಹೆಚ್ಚಾಗಿ ಈ ಎರಡನೇ ದಾರಿ.

ಇವತ್ತು ಓಡಾಡುತ್ತಿರುವ ಕಿವಿಮಾತುಗಳಲ್ಲಿ ಬಹಳಷ್ಟು ಹುಟ್ಟಿದ್ದು ಈ ಬೇಕಿಂಗ್ ಕಾಲದಲ್ಲಿ, ಅಂದರೆ ಬೆಳಕನ್ನು ಮೊದಲೇ ಲೆಕ್ಕ ಹಾಕಿ ಅಂಟಿಸುತ್ತಿದ್ದ ಕಾಲದಲ್ಲಿ. 2015ರ ಮಾರ್ಚ್‌ನಲ್ಲಿ ಎಪಿಕ್ ಕಂಪನಿಯ ಗೇಮ್ ಎಂಜಿನ್ ಅನ್‌ರಿಯಲ್ ಎಂಜಿನ್ 4 ಬಳಸಲು ಉಚಿತವಾಯಿತು. ಗೇಮ್ ಸ್ಟುಡಿಯೊಗಳ ಹೊರಗಿನ ಜನ ಗುಂಪುಗುಂಪಾಗಿ ಬಂದರು: ವಾಸ್ತುಶಿಲ್ಪಿಗಳು, ವಿದ್ಯಾರ್ಥಿಗಳು, ಕಿರುಚಿತ್ರ ಮಾಡುವವರು. ಅವರಿಗೆ ಮೊದಲು ಎದುರಾದದ್ದು ಬೆಳಕಲ್ಲ, ನಿಯಮಗಳು. ದೀಪ ಸ್ಟ್ಯಾಟಿಕ್ಕೋ (ಏನೂ ಬದಲಾಗದ್ದು), ಸ್ಟೇಷನರಿಯೋ (ಜಾಗ ಬಿಡದೆ ಬಣ್ಣ, ತೀವ್ರತೆ ಮಾತ್ರ ಬದಲಾಗುವಂಥದ್ದು), ಮೂವಬಲ್ಲೋ (ಸರಿಸಬಹುದಾದದ್ದು)? ನೆರಳು ಬೀಳಿಸುವ ನಾಲ್ಕು ಸ್ಟೇಷನರಿ ದೀಪಗಳ ವ್ಯಾಪ್ತಿ ಒಂದೇ ಕಡೆ ಸೇರಬಹುದು. ಐದನೆಯದನ್ನು ಅಲ್ಲೇ ಇಟ್ಟರೆ ಅದರ ಐಕಾನ್ ಮೇಲೆ ಕೆಂಪು ಗುಣಿಸು ಚಿಹ್ನೆ. ಕುರ್ಚಿ ಒಂದು ಗೇಣು ಸರಿಸಿದರೂ ಸಾಕು, ಬೆಳಕನ್ನು ಮತ್ತೆ ಬಿಲ್ಡ್ ಮಾಡಿ ಅಂತ ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ. ಬಿಲ್ಡ್ ಒತ್ತಿ ಕಾದು ಕೂತರೆ ಗೋಡೆ ತುಂಬಾ ಕಲೆ. ಯುವಿ (ವಸ್ತುವಿನ ಮೇಲ್ಮೈಯನ್ನು ಚಪ್ಪಟೆಯಾಗಿ ಬಿಡಿಸಿದ ನಕ್ಷೆ) ಒಂದರ ಮೇಲೊಂದು ಬಿದ್ದಿದೆಯಾ, ಲೈಟ್‌ಮ್ಯಾಪ್ ರೆಸಲ್ಯೂಷನ್ ಸಾಲದಾ ಅಂತ ಹುಡುಕಾಟ ಶುರು.

ಹೀಗೆ ಕಲಿತವರ ದಿನವೆಲ್ಲ ಕಲೆ ಒರೆಸುವುದರಲ್ಲೇ ಹೋಗುತ್ತಿತ್ತು. ಮುಖದ ಯಾವ ಬದಿ ಕತ್ತಲಲ್ಲಿರಬೇಕು ಅಂತ ಯೋಚಿಸಲು ಪುರುಸೊತ್ತೆಲ್ಲಿ? ಪುಟಿದ ಬೆಳಕು ಸಾಲದ ಕಡೆ ನೆರಳಿಲ್ಲದ ಸಣ್ಣ ಪಾಯಿಂಟ್ ಲೈಟ್ ತುರುಕುವುದು ಜಾಣತನ ಅನ್ನಿಸಿಕೊಂಡಿತು. ಆ ಕಾಲಕ್ಕೆ ಅದು ಜಾಣತನವೇ. ಆ ಕಾಲದ ಇನ್ನೊಂದು ಗುಣವನ್ನೂ ಹೇಳಬೇಕು. ಪ್ರತಿ ಬದಲಾವಣೆಗೂ ಕಾಯಬೇಕಾದ್ದರಿಂದ ಜನ ದೀಪ ಇಡುವ ಮೊದಲು ಯೋಚಿಸುತ್ತಿದ್ದರು. ಆ ಅಭ್ಯಾಸ ಈಗ ಕಡಿಮೆಯಾಗಿದೆ, ಅಲ್ವಾ?

ಇದೇ ಹೊತ್ತಿಗೆ ಅಳತೆಗಳೂ ಬದಲಾದವು. ವಸ್ತುವಿನ ಮೇಲ್ಮೈಯನ್ನು ಭೌತಶಾಸ್ತ್ರಕ್ಕೆ ಹತ್ತಿರವಾಗಿ ತೋರಿಸುವ ಪಿಬಿಆರ್ ವಿಧಾನವನ್ನು ಡಿಸ್ನಿಯವರು 2012ರಲ್ಲಿ ವಿವರಿಸಿದರು, 2013ರಲ್ಲಿ ಎಪಿಕ್ ಅದನ್ನು ಎಂಜಿನ್‌ಗೆ ಒಗ್ಗಿಸಿದ ರೀತಿಯನ್ನು ತೋರಿಸಿತು. 2014ರಲ್ಲಿ ಫ್ರಾಸ್ಟ್‌ಬೈಟ್ ಅನ್ನುವ ಇನ್ನೊಂದು ಎಂಜಿನ್‌ನ ತಂಡ ದೀಪಗಳಿಗೂ ನಿಜವಾದ ಅಳತೆ ಬೇಕು ಅಂತ ವಾದಿಸಿತು. ಮಾತು ಸರಿ. ತೊಂದರೆಯಾದದ್ದು ಹಳೆಯ ಅಂದಾಜಿನ ಅಂಕಿ ಮತ್ತು ಹೊಸ ಅಳತೆ ಎರಡೂ ಒಟ್ಟಿಗೆ ಉಳಿದುಕೊಂಡದ್ದರಿಂದ. ಲೆಕ್ಕ ನೋಡಿ. ಹಳೆಯ 60 ವ್ಯಾಟ್ ಬಲ್ಬ್ ಒಂದು ಮೀಟರ್ ದೂರದಲ್ಲಿ ಸುಮಾರು 64 ಲಕ್ಸ್ ಬೆಳಕು ಕೊಡುತ್ತದೆ. ಅನ್‌ರಿಯಲ್‌ನಲ್ಲಿ ಹೊಸದಾಗಿ ಸೂರ್ಯನನ್ನು ಇಟ್ಟರೆ ಸಿಗುವುದು 10 ಲಕ್ಸ್. ಒಂದು ಪಾಠದಿಂದ ಬಲ್ಬಿನ ನಿಜ ಅಂಕಿ, ಇನ್ನೊಂದರಿಂದ 10 ಲಕ್ಸ್ ಸೂರ್ಯ ತೆಗೆದುಕೊಂಡರೆ ಮೇಜಿನ ದೀಪ ಸೂರ್ಯನನ್ನು ಆರು ಪಟ್ಟು ಮೀರಿಸುತ್ತದೆ!

ಇದರ ಮೇಲೆ ಆಟೊ ಎಕ್ಸ್‌ಪೋಷರ್, ಅಂದರೆ ಚಿತ್ರ ಎಷ್ಟು ಬೆಳಗಬೇಕು ಅಂತ ಎಂಜಿನ್ ತಾನೇ ಹೊಂದಿಸಿಕೊಳ್ಳುವುದು. ಕೋಣೆ ಕತ್ತಲಾಗಲಿ ಅಂತ ದೀಪದ ತೀವ್ರತೆ ಅರ್ಧಕ್ಕಿಳಿಸಿ ನೋಡಿ. ಒಂದು ಕ್ಷಣ ಕತ್ತಲಾಗುತ್ತದೆ, ಆಮೇಲೆ ಮೆಲ್ಲಗೆ ಮತ್ತೆ ಬೆಳಗುತ್ತದೆ. ಎಂಜಿನ್ ತನ್ನ ಕಣ್ಣನ್ನು ಅಗಲಿಸಿಕೊಂಡಿತು. ನೀವು ಮತ್ತೆ ಇಳಿಸುತ್ತೀರಿ, ಅದು ಮತ್ತೆ ಏರಿಸುತ್ತದೆ. ಸೆಟ್ಟಿನಲ್ಲಿ ಛಾಯಾಗ್ರಾಹಕರು ಎಕ್ಸ್‌ಪೋಷರ್ ಮೊದಲು ಗೊತ್ತು ಮಾಡಿಕೊಂಡು ದೀಪ ಹೊಂದಿಸುತ್ತಾರೆ. ಇಲ್ಲಿ ಕಲಿಯುವವರು ಕದಲುವ ಅಳತೆಗೋಲು ಹಿಡಿದು ಶುರು ಮಾಡುತ್ತಾರೆ. ಚಿತ್ರದ ಅಂತಿಮ ರೂಪದ ಸೆಟ್ಟಿಂಗ್‌ಗಳಿರುವ ಪೋಸ್ಟ್ ಪ್ರೋಸೆಸ್ ವಾಲ್ಯೂಮ್‌ನಲ್ಲಿ ಮೀಟರಿಂಗನ್ನು ಮ್ಯಾನ್ಯುಯಲ್ ಮಾಡಿ, ಎಕ್ಸ್‌ಪೋಷರನ್ನು ಒಮ್ಮೆ ಹೊಂದಿಸಿಕೊಂಡರೆ ಈ ಕದಲಾಟ ನಿಲ್ಲುತ್ತದೆ. ಎಷ್ಟೋ ಪಾಠಗಳು ಇದನ್ನು ಕೊನೆಯಲ್ಲಿ ಹೇಳುತ್ತವೆ. ಇದು ಮೊದಲನೇ ಸಾಲಿನಲ್ಲಿ ಬರಬೇಕಾದ ಮಾತು.

2018ರಲ್ಲಿ ರೇ ಟ್ರೇಸಿಂಗ್‌ಗೆಂದೇ (ಬೆಳಕಿನ ಕಿರಣಗಳ ಹಾದಿ ಹಿಡಿದು ಲೆಕ್ಕ ಹಾಕುವುದಕ್ಕೆ) ಭಾಗವಿರುವ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್‌ಗಳು ಬಂದವು. 2019ರ ಹೊತ್ತಿಗೆ ಎಂಜಿನ್‌ನ ಹಿನ್ನೆಲೆ ದೃಶ್ಯ ತೋರಿಸುವ ಎಲ್‌ಇಡಿ ಗೋಡೆಯ ಮುಂದೆ ಚಿತ್ರೀಕರಣ ನಡೆದು ಸಿನಿಮಾದವರೂ ಎಂಜಿನ್ ಕಡೆ ಹೊರಳಿದರು. ಪುಟಿದ ಬೆಳಕನ್ನು ಆಗಿಂದಾಗಲೇ ಲೆಕ್ಕ ಹಾಕುವ, 2020ರ ಮೇ ತಿಂಗಳಲ್ಲಿ ಎಪಿಕ್ ತೋರಿಸಿದ ಲುಮೆನ್, 2022ರ ಏಪ್ರಿಲ್‌ನಲ್ಲಿ ಅನ್‌ರಿಯಲ್ 5ರ ಜೊತೆ ಎಲ್ಲರ ಕೈಗೆ ಬಂತು. ಬೇಕಿಂಗ್ ಇಲ್ಲ, ಕಾಯುವುದಿಲ್ಲ. ದೀಪ ಸರಿಸಿದರೆ ಪುಟಿದ ಬೆಳಕೂ ಸರಿಯುತ್ತದೆ.

ಹಳೆಯ ಪಾಠ ಕೈಕೊಡುವುದು ಇಲ್ಲೇ. ಗೋಡೆ ಈಗ ತಾನೇ ಬೆಳಕು ವಾಪಸ್ ಕೊಡುತ್ತದೆ. ಅದರ ಮೇಲೆ ಹಳೆಯ ಅಭ್ಯಾಸದಂತೆ ಫಿಲ್ ದೀಪಗಳನ್ನೂ ಇಟ್ಟರೆ ಒಂದೇ ಬೆಳಕು ಎರಡು ಸಲ ಬಿದ್ದಂತೆ. ಚಿತ್ರ ಸಪ್ಪೆಯಾಗುತ್ತದೆ. ಗೋಡೆ 10 ಸೆಂ.ಮೀ.ಗಿಂತ ತೆಳುವಿದ್ದರೆ ಬೆಳಕು ಆಚೆ ಸೋರಬಹುದು. ಅದನ್ನು ದೀಪದಿಂದ ಸರಿಮಾಡಲು ಹೊರಟರೆ ಮುಗಿಯುವುದೇ ಇಲ್ಲ, ಗೋಡೆಯನ್ನೇ ದಪ್ಪ ಮಾಡಬೇಕು. ಈಗ ಕಲಿಯಬೇಕಾದದ್ದು ಬೆಳಕು ಸೇರಿಸುವುದಕ್ಕಿಂತ ಜಾಸ್ತಿ ಕಳೆಯುವುದನ್ನು ಅಂತ ನನಗನ್ನಿಸುತ್ತದೆ. ಸೆಟ್ಟಿನಲ್ಲಿ ಮುಖದ ನೆರಳು ಬದಿಗೆ ಕಪ್ಪು ಬಟ್ಟೆ ಹಿಡಿದು ಪುಟಿದ ಬೆಳಕನ್ನು ತಡೆಯುತ್ತಾರೆ. ಲುಮೆನ್‌ನಲ್ಲೂ ಇದು ನಡೆಯುತ್ತದೆ. ಕ್ಯಾಮೆರಾ ಕಣ್ಣಿಗೆ ಬೀಳದ ಕಡೆ ಒಂದು ಕಪ್ಪು ಹಲಗೆ ನಿಲ್ಲಿಸಿ, ಮೂಗಿನ ಪಕ್ಕದ ನೆರಳು ಗಾಢವಾಗುವುದು ಕಾಣುತ್ತದೆ. ಬೇಕಿಂಗ್ ಕಾಲದಲ್ಲಿ ಇದನ್ನು ಹೀಗೆ ಸುಮ್ನೆ ಮಾಡಿ ನೋಡಲು ಆಗುತ್ತಲೇ ಇರಲಿಲ್ಲ.

2024ರಲ್ಲಿ 5.5 ಆವೃತ್ತಿಯೊಂದಿಗೆ ಪ್ರಯೋಗದ ಹಂತದಲ್ಲಿ ಮೆಗಾಲೈಟ್ಸ್ ಬಂತು. ನೆರಳು ಬೀಳಿಸುವ ನೂರಾರು ದೀಪಗಳು ಒಂದೇ ದೃಶ್ಯದಲ್ಲಿ ಸಾಧ್ಯ ಅಂತಾಯಿತು. ಐದನೇ ದೀಪಕ್ಕೆ ಕೆಂಪು ಗುರುತು ಬೀಳುತ್ತಿದ್ದ ಕಾಲದಿಂದ ಇದು ಬಹಳ ದೂರ.

ಆದರೂ ಒಂದು ಗಂಟು ಹಾಗೇ ಇದೆ. ಸಿನಿಮಾ ಬೆಳಕು ಒಂದು ಕ್ಯಾಮೆರಾ ಕೋನಕ್ಕೆ ಕಟ್ಟಿದ್ದು. ಕಟ್‌ಸೀನ್‌ನಲ್ಲಿ (ಆಟದ ನಡುವೆ ಬರುವ ಸಿನಿಮಾದಂಥ ತುಣುಕಿನಲ್ಲಿ) ಪ್ರತಿ ಶಾಟ್‌ಗೂ ಕೀ ಲೈಟ್ ಸರಿಸಬಹುದು, ಲೈಟಿಂಗ್ ಚಾನೆಲ್ ಬಳಸಿ ಪಾತ್ರಕ್ಕೆ ಮಾತ್ರ ಬೀಳಿಸಬಹುದು. ಆಟದ ಮಧ್ಯೆ ಕ್ಯಾಮೆರಾ ಆಟಗಾರನ ಕೈಯಲ್ಲಿ. ಅವನು ತಿರುಗಿದ ತಕ್ಷಣ ಬ್ಯಾಕ್ ಲೈಟ್ ಕೀ ಲೈಟ್ ಆಗುತ್ತದೆ. ಹೆಚ್ಚಿನ ಪಾಠಗಳು ಒಂದು ಚೆಂದದ ಫ್ರೇಮ್‌ಗೆ ಮುಗಿಯುತ್ತವೆ, ಈ ಕಡೆ ಬರುವುದಿಲ್ಲ. ಗೇಮ್ ಲೈಟಿಂಗ್ ಕೆಲಸಕ್ಕೆ ಹೋಗುವ ಆಸೆಯಿದ್ದರೆ ಒಂದೇ ಕೋಣೆಯನ್ನು ಎರಡು ಸಲ ಬೆಳಗಿಸಿ ನೋಡಿ. ಒಮ್ಮೆ ಶಾಟ್‌ಗೆ, ಇನ್ನೊಮ್ಮೆ ಬಾಗಿಲಿಂದ ಬಾಗಿಲಿಗೆ ನಡೆದುಹೋಗುವವರಿಗೆ. ಎರಡನೇ ಸಲ ಎಂಜಿನ್‌ನ ಆದೇಶ ಬರೆಯುವ ಕನ್ಸೋಲ್‌ನಲ್ಲಿ ಸ್ಟ್ಯಾಟ್ ಜಿಪಿಯು (stat gpu) ಅಂತ ಟೈಪ್ ಮಾಡಿಟ್ಟುಕೊಳ್ಳಿ. ನೆರಳಿಗೆ ಎಷ್ಟು ಮಿಲಿಸೆಕೆಂಡ್, ಲುಮೆನ್‌ಗೆ ಎಷ್ಟು ಅಂತ ಬೇರೆ ಬೇರೆಯಾಗಿ ಕಾಣುತ್ತದೆ, ಯಾವ ದೀಪ ಉಳಿಸಿಕೊಳ್ಳಬೇಕು ಅಂತ ತೀರ್ಮಾನಿಸಲು ಅದು ಬೇಕೇ ಬೇಕು.